ಗೋಕು ಹೆಸರಿನೊಳಗಿನ ಶೂನ್ಯ

ನಮ್ಮಕ್ಕನ ಮಗ ಏಳನೇ ಕ್ಲಾಸು. ಅವನಿಗೆ ಡ್ರ್ಯಾಗನ್ ಬಾಲ್ ಅಂದರೆ ಊಟ ನಿದ್ದೆ ಏನೂ ಬೇಡ. ಕಳೆದ ಬೇಸಿಗೆ ರಜೆಯಲ್ಲಿ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹಳೆಯ ಕಂತುಗಳನ್ನೆಲ್ಲ ತೋರಿಸಿದ. ಬಾಲ ಇರುವ ಒಬ್ಬ ಹುಡುಗ, ಹೇಳಿದಷ್ಟು ಉದ್ದ ಬೆಳೆಯುವ ಕೋಲು, ಕರೆದ ಕೂಡಲೇ ಬಂದು ಹೊತ್ತುಕೊಂಡು ಹೋಗುವ ಮೋಡ. ನೋಡುತ್ತಾ ನೋಡುತ್ತಾ ಅವನೇ ಕೇಳಿದ: "ಮಾಮ, ಈ ಗೋಕು ನಮ್ಮ ಹನುಮಂತನ ಥರಾನೇ ಅಲ್ವಾ?"

ಒಳ್ಳೆಯ ಪ್ರಶ್ನೆ. ಚೀನಾದ ದೊಡ್ಡ ದೊಡ್ಡ ವಿದ್ವಾಂಸರು ನೂರು ವರ್ಷದ ಹಿಂದೆಯೇ ಇದರ ಮೇಲೆ ವಾದ ಮಾಡಿದ್ದಾರೆ. ಅದಕ್ಕೆ ಆಮೇಲೆ ಬರುತ್ತೇನೆ. ಅವತ್ತು ನಾನು ಅವನಿಗೆ ಹೇಳಿದ್ದು ಬೇರೆ. ಗೋಕುವಿನ ಬಾಲಕ್ಕಿಂತ, ಕೋಲಿಗಿಂತ ದೊಡ್ಡ ಸಂಗತಿ ಅವನ ಹೆಸರಿನಲ್ಲೇ ಇದೆ. ಜಪಾನಿನ ಅಕಿರಾ ತೊರಿಯಾಮ 1984ರಲ್ಲಿ ಈ ಕಾಮಿಕ್ಸ್ ಶುರು ಮಾಡಿದಾಗ ತನ್ನ ನಾಯಕನಿಗೆ ಹೊಸ ಹೆಸರು ಹುಡುಕಲಿಲ್ಲ, ಚೀನಾದ ಒಂದು ಹಳೆಯ ಕಥೆಯ ಕೋತಿಯ ಹೆಸರನ್ನೇ ಇಟ್ಟರು. ಚೀನಿಯರು ಸುನ್ ವುಕೊಂಗ್ ಎಂದು ಓದುವ ಅಕ್ಷರಗಳನ್ನು ಜಪಾನಿಯರು ಸೋನ್ ಗೋಕೂ ಎಂದು ಓದುತ್ತಾರೆ, ಅಷ್ಟೇ. ಅದರಲ್ಲಿ "ಗೋ" ಅಂದರೆ ಅರಿವು, ಎಚ್ಚರ. "ಕೂ" ಅಂದರೆ ಶೂನ್ಯ. ಶೂನ್ಯವನ್ನು ಅರಿತವನು ಎಂದು ಆ ಹೆಸರಿನ ಅರ್ಥ.

ಹುಡುಗನಿಗೆ ನಿರಾಸೆಯಾಯಿತು. "ಶೂನ್ಯ ಅಂದ್ರೆ ಝೀರೋ ಅಲ್ವಾ? ಏನೂ ಇಲ್ಲ ಅಂತ. ಏನೂ ಇಲ್ಲದ್ದನ್ನು ತಿಳ್ಕೊಳ್ಳೋದೇನಿದೆ?"

ಇದು ಮಕ್ಕಳ ತಪ್ಪು ತಿಳಿವಳಿಕೆ ಮಾತ್ರ ಅಲ್ಲ. ನಮ್ಮಲ್ಲಿ ಓದಿದವರು ಕೂಡ ಬೌದ್ಧರ ಶೂನ್ಯ ಅಂದ ಕೂಡಲೇ "ಎಲ್ಲ ಸುಳ್ಳು, ಏನೂ ಇಲ್ಲ ಅಂತಾರಲ್ಲ, ಅದೇ ತಾನೇ" ಎಂದು ಮುಗಿಸಿಬಿಡುತ್ತಾರೆ. ನನಗೆ ಇದು ನಿಜಕ್ಕೂ ಬೇಸರ ತರಿಸುವ ವಿಷಯ, ಯಾಕೆಂದರೆ ಶೂನ್ಯದ ಮಾತನ್ನು ಹೇಳಿದವನೇ ಅದಕ್ಕೆ ಉತ್ತರವನ್ನೂ ಬಿಡಿಸಿ ಬರೆದಿಟ್ಟು ಹೋಗಿದ್ದಾನೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಅವನು ಬೌದ್ಧ ತತ್ವಜ್ಞಾನಿ ನಾಗಾರ್ಜುನ. ಸುಮಾರು ಎರಡನೇ ಶತಮಾನದವನು, ದಕ್ಷಿಣ ಭಾರತದವನು ಎಂದು ಪರಂಪರೆ ಹೇಳುತ್ತದೆ. ಕೃಷ್ಣಾ ತೀರದ ನಾಗಾರ್ಜುನಕೊಂಡಕ್ಕೆ ಅವನದೇ ಹೆಸರು. ಅವನ "ಮೂಲಮಧ್ಯಮಕಕಾರಿಕಾ" 27 ಅಧ್ಯಾಯಗಳ ಪುಸ್ತಕ. ಅದರ 24ನೇ ಅಧ್ಯಾಯದಲ್ಲಿ ಎದುರಾಳಿ ಒಬ್ಬ ನಮ್ಮ ಹುಡುಗನ ಪ್ರಶ್ನೆಯನ್ನೇ ಕೇಳುತ್ತಾನೆ. ಎಲ್ಲವೂ ಶೂನ್ಯವಾದರೆ ದುಃಖವೂ ಇಲ್ಲ, ಅದರಿಂದ ಬಿಡುಗಡೆಯೂ ಇಲ್ಲ, ಬುದ್ಧನೂ ಇಲ್ಲ, ಧರ್ಮವೂ ಇಲ್ಲ, ಹಾಗಾದರೆ ನೀನು ಹೇಳುವುದರಲ್ಲಿ ಏನು ಉಳಿಯಿತು? ನಾಗಾರ್ಜುನನ ಉತ್ತರ ನೇರವಾಗಿದೆ. ನಿನಗೆ ಶೂನ್ಯ ಅಂದರೆ ಏನು ಅಂತಲೇ ಗೊತ್ತಿಲ್ಲ, ಅದಕ್ಕೇ ಇಷ್ಟು ಕಷ್ಟಪಡುತ್ತಿದ್ದೀಯ. ತಪ್ಪಾಗಿ ಹಿಡಿದ ಹಾವು ಹಿಡಿದವನನ್ನೇ ಕಚ್ಚುವ ಹಾಗೆ, ತಪ್ಪಾಗಿ ತಿಳಿದ ಶೂನ್ಯ ತಿಳಿದವನನ್ನೇ ಕೆಡಿಸುತ್ತದೆ.

ಸರಿಯಾಗಿ ಹಿಡಿಯುವುದು ಹೇಗೆ? ನಾನು ಹುಡುಗನಿಗೆ ದೋಸೆಯ ಲೆಕ್ಕದಲ್ಲಿ ಹೇಳಿದೆ. ಅಕ್ಕಿಯಲ್ಲಿ ದೋಸೆ ಇದೆಯಾ? ಇಲ್ಲ. ಉದ್ದಿನಬೇಳೆಯಲ್ಲಿ? ಇಲ್ಲ. ರುಬ್ಬಿಟ್ಟ ಹಿಟ್ಟಿನಲ್ಲಿ? ಅದೂ ದೋಸೆ ಅಲ್ಲ, ರಾತ್ರಿಯೆಲ್ಲ ಇಟ್ಟು ಅದು ಉಬ್ಬಬೇಕು, ಬೆಂಗಳೂರಿನ ಡಿಸೆಂಬರ್ ಚಳಿಗೆ ಬೆಳಗ್ಗೆಯಾದರೂ ಉಬ್ಬಿರುವುದಿಲ್ಲ. ಕಾವಲಿಯಲ್ಲಿ ದೋಸೆ ಇಲ್ಲ, ಬೆಂಕಿಯಲ್ಲಿ ಇಲ್ಲ, ಹುಯ್ಯುವ ಕೈಯಲ್ಲೂ ಇಲ್ಲ. ಇವೆಲ್ಲ ಸೇರಿದಾಗ ತಟ್ಟೆಗೆ ದೋಸೆ ಬರುತ್ತದೆ. ತಿಂದರೆ ಹೊಟ್ಟೆ ತುಂಬುತ್ತದೆ. ಹಾಗಾಗಿ ದೋಸೆ ಇಲ್ಲ ಎಂದು ಯಾರೂ ಹೇಳುತ್ತಿಲ್ಲ. ಇಲ್ಲದಿರುವುದು ಬೇರೆ ಯಾವುದನ್ನೂ ನೆಚ್ಚದೆ ತನ್ನಷ್ಟಕ್ಕೆ ತಾನೇ ನಿಂತ, ಯಾವತ್ತೂ ಬದಲಾಗದ ಒಂದು "ದೋಸೆತನ". ಅದನ್ನು ನಾಗಾರ್ಜುನ ಸ್ವಭಾವ ಎಂದು ಕರೆಯುತ್ತಾನೆ. ಸ್ವಭಾವ ಇಲ್ಲ ಎನ್ನುವುದೇ ಶೂನ್ಯ. ಒಂದನ್ನೊಂದು ಅವಲಂಬಿಸಿ ಹುಟ್ಟುವುದನ್ನೇ ನಾವು ಶೂನ್ಯತೆ ಎನ್ನುತ್ತೇವೆ ಎಂದು ಅವನು ಬಿಡಿಸಿ ಹೇಳುತ್ತಾನೆ.

ಇನ್ನೂ ಒಂದು ಹೆಜ್ಜೆ ಇದೆ, ನನಗೆ ತುಂಬಾ ಇಷ್ಟವಾಗುವುದು ಅದೇ. ಅಕ್ಕಿಗೆ ಬದಲಾಗದ ಸ್ವಭಾವ ಅಂತ ಒಂದಿದ್ದಿದ್ದರೆ ಅದು ಯಾವತ್ತಿಗೂ ಅಕ್ಕಿಯಾಗಿಯೇ ಉಳಿಯಬೇಕಿತ್ತು, ನೆನೆಯುತ್ತಿರಲಿಲ್ಲ, ಉಬ್ಬುತ್ತಿರಲಿಲ್ಲ, ದೋಸೆಯಾಗುತ್ತಿರಲಿಲ್ಲ. ಅಕ್ಕಿ ಶೂನ್ಯವಾಗಿರುವುದರಿಂದಲೇ ದೋಸೆ ಸಾಧ್ಯ. ಸಿಟ್ಟಿನ ಮನುಷ್ಯ ಯಾವತ್ತಿಗೂ ಸಿಟ್ಟಿನ ಮನುಷ್ಯನೇ ಆಗಿರಬೇಕಿಲ್ಲ ಎನ್ನುವುದೂ ಇದೇ ಕಾರಣಕ್ಕೆ. ಅಂದರೆ ಶೂನ್ಯ ಬಾಗಿಲು ಮುಚ್ಚುವ ಮಾತಲ್ಲ, ತೆರೆಯುವ ಮಾತು. ಈ ಒಂದು ವಿಷಯ ಹಿಡಿದುಕೊಂಡರೆ ಕೋತಿಯ ಕಥೆ ಪೂರ್ತಿ ಬೇರೆಯಾಗಿ ಕಾಣುತ್ತದೆ.

ಈ ಮಾತು ಚೀನಾಕ್ಕೆ ಹೋದಾಗ ಮೊದಲು ಎಡವಿತು. ಅಲ್ಲಿನ ಪಂಡಿತರು ಶೂನ್ಯವನ್ನು ತಮಗೆ ಗೊತ್ತಿದ್ದ ದಾವ್ ಪಂಥದ "ವು" ಎಂಬ ಮಾತಿನ ಮೂಲಕ ತಿಳಿಯಲು ನೋಡಿದರು. ವು ಅಂದರೆ "ಇಲ್ಲ". ಅಲ್ಲಿಗೆ ನಮ್ಮ ಹುಡುಗನ ಗೊಂದಲವೇ. ಇದನ್ನು ಬಿಡಿಸಿದವರಲ್ಲಿ ದೊಡ್ಡ ಹೆಸರು ಕುಮಾರಜೀವ ಎಂಬ ಬೌದ್ಧ ಭಿಕ್ಷು. ಅಪ್ಪ ಭಾರತದವನು, ಅಮ್ಮ ಮಧ್ಯ ಏಷ್ಯಾದ ಕೂಚಾ ಎಂಬ ರಾಜ್ಯದ ರಾಜಕುಮಾರಿ. ಚೀನಾದಿಂದ ಬಂದ ಸೈನ್ಯ ಅವನನ್ನು ಸೆರೆಹಿಡಿದು ಒಯ್ದಿತು, ಹದಿನೇಳು ವರ್ಷ ಗಡಿಯ ಊರಿನಲ್ಲಿ ಕಳೆದ, ಕೊನೆಗೆ 401ರ ಹೊತ್ತಿಗೆ ಚಾಂಗ್‌ಆನ್ ರಾಜಧಾನಿಗೆ ಬಂದ. ಅಲ್ಲಿ ನೂರಾರು ಜನರನ್ನು ಎದುರಿಗೆ ಕೂರಿಸಿಕೊಂಡು ನಾಗಾರ್ಜುನನ ಕಾರಿಕೆಗಳನ್ನು, ವಜ್ರಚ್ಛೇದಿಕಾ ಸೂತ್ರವನ್ನು, ಸದ್ಧರ್ಮ ಪುಂಡರೀಕವನ್ನು ಚೀನೀ ಭಾಷೆಗೆ ತಂದ. ಅವನ ಅನುವಾದಗಳಲ್ಲಿ ಶೂನ್ಯಕ್ಕೆ ನಿಂತ ಅಕ್ಷರ "ಕೊಂಗ್". ಅದಕ್ಕೆ ಖಾಲಿ ಎನ್ನುವ ಅರ್ಥವೂ ಇದೆ, ಆಕಾಶ ಎನ್ನುವ ಅರ್ಥವೂ ಇದೆ.

ಕನ್ನಡದವರಿಗೆ ಇದು ತಟ್ಟನೆ ಹೊಳೆಯಬೇಕು. ನಮ್ಮಲ್ಲೂ ಅಂಥದ್ದೇ ಒಂದು ಮಾತಿದೆ: ಬಯಲು. ಬಯಲು ಅಂದರೆ ಖಾಲಿ ಜಾಗ, ಆದರೆ "ಏನೂ ಇಲ್ಲ" ಅಂತಲ್ಲ, ಎಲ್ಲಕ್ಕೂ ಜಾಗ ಇರುವ ತೆರವು. ಅಲ್ಲಮಪ್ರಭು ಬಯಲು ಎಂದೂ ಹೇಳುತ್ತಾನೆ, ಶೂನ್ಯ ಎಂದೂ ಹೇಳುತ್ತಾನೆ. ಅವನ ಸುತ್ತ ಕಟ್ಟಿದ ಗ್ರಂಥದ ಹೆಸರೇ "ಶೂನ್ಯಸಂಪಾದನೆ". ಸಂಪಾದಿಸುವುದು ಶೂನ್ಯವನ್ನು! ಅಲ್ಲಮನ ಶೂನ್ಯ ಮತ್ತು ನಾಗಾರ್ಜುನನ ಶೂನ್ಯ ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಅಲ್ಲಮನ ಹಾದಿ ಶಿವನ ಮೂಲಕ ಹೋಗುವ ಹಾದಿ, ಅವನಿಗೆ ಅವನದೇ ಪರಂಪರೆ ಇದೆ. ಆದರೆ ಅವನ ಊರು ಎಂದು ನಾವು ಹೇಳುವ ಬಳ್ಳಿಗಾವಿಯಲ್ಲಿ, ಅವನಿಗಿಂತ ಸುಮಾರು ನೂರು ವರ್ಷ ಮೊದಲು, 1065ರಲ್ಲಿ, ಚಾಲುಕ್ಯರ ಮಂತ್ರಿಯೊಬ್ಬ ಬೌದ್ಧ ವಿಹಾರ ಕಟ್ಟಿಸಿದ ಶಾಸನ ಇದೆ. ತಾರಾ ಭಗವತಿಗೂ ಬುದ್ಧನಿಗೂ ಅಲ್ಲಿ ಪೂಜೆ ನಡೆಯುತ್ತಿತ್ತು. ಶೂನ್ಯ ಎಂಬ ಮಾತು ಆ ಊರಿನ ಗಾಳಿಯಲ್ಲಿ ಮೊದಲೇ ಇತ್ತು, ಅಷ್ಟನ್ನು ಧೈರ್ಯವಾಗಿ ಹೇಳಬಹುದು.

ಈಗ ಕಥೆಯಲ್ಲಿ ಕೋತಿಗೆ ಗುರುವಾಗುವ ಸನ್ಯಾಸಿಗೆ ಬರೋಣ. ಶಾಲೆಯಲ್ಲಿ ನಾವೆಲ್ಲ ಹ್ಯೂಯೆನ್‌ತ್ಸಾಂಗ್ ಎಂದು ಓದಿದ್ದೇವಲ್ಲ, ಅವನೇ. ಪಾಠದ ಪುಸ್ತಕದಲ್ಲಿ ಅವನಿಗೆ ಎರಡು ಸಾಲು, "ಹರ್ಷನ ಕಾಲದಲ್ಲಿ ಬಂದ ಚೀನೀ ಯಾತ್ರಿಕ" ಅಂತ. ಅಷ್ಟಕ್ಕೇ ಮುಗಿಯುವ ಮನುಷ್ಯ ಅಲ್ಲ ಅವನು. ಚೀನಾದಲ್ಲಿದ್ದ ಅನುವಾದಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ, ಮೂಲವನ್ನೇ ನೋಡಬೇಕು ಎನ್ನುವ ಒಂದೇ ಹಟಕ್ಕೆ ಹೊರಟ. ಗಡಿ ದಾಟಬಾರದು ಎಂದು ಚಕ್ರವರ್ತಿಯ ಆಜ್ಞೆ ಇತ್ತು. ಸುಮಾರು 629ರಲ್ಲಿ ಕದ್ದು ಹೊರಟ. ಮರುಭೂಮಿಯಲ್ಲಿ ನೀರಿನ ಚೀಲ ಕೈಜಾರಿ ಇದ್ದ ನೀರೆಲ್ಲ ಚೆಲ್ಲಿಹೋಯಿತು. ಒಂದಷ್ಟು ದೂರ ಹಿಂದಕ್ಕೆ ತಿರುಗಿದವನು, ಪೂರ್ವಕ್ಕೆ ಮರಳಿ ಬದುಕುವುದಕ್ಕಿಂತ ಪಶ್ಚಿಮಕ್ಕೆ ಹೋಗಿ ಸಾಯುವುದೇ ವಾಸಿ ಎಂದು ಮತ್ತೆ ಮುಂದಕ್ಕೆ ನಡೆದ. ನಾಲ್ಕು ರಾತ್ರಿ ಐದು ಹಗಲು ಒಂದು ತೊಟ್ಟು ನೀರಿಲ್ಲ. ಆ ದಾರಿಯಲ್ಲಿ ದೆವ್ವಗಳು ಕಂಡಾಗ ಅವನು ಬಾಯಲ್ಲಿ ಹೇಳಿಕೊಳ್ಳುತ್ತಿದ್ದದ್ದು ಪ್ರಜ್ಞಾಪಾರಮಿತಾ ಹೃದಯ ಸೂತ್ರ ಎಂದು ಅವನ ಶಿಷ್ಯ ಬರೆದ ಜೀವನಕಥೆ ಹೇಳುತ್ತದೆ. ಒಂದೇ ಹಾಳೆಯಲ್ಲಿ ಹಿಡಿಸುವ ಪುಟ್ಟ ಸೂತ್ರ ಅದು, ಅದರ ನಡುವಿನ ಮಾತು: ರೂಪವೇ ಶೂನ್ಯತೆ, ಶೂನ್ಯತೆಯೇ ರೂಪ.

ನಾಲಂದದಲ್ಲಿ ಶೀಲಭದ್ರನ ಹತ್ತಿರ ಓದಿದ. ಆಮೇಲೆ ತೆಂಕಣಕ್ಕೂ ಇಳಿದ. ಸುಮಾರು 641ರ ಹೊತ್ತಿಗೆ ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದ, ಅದನ್ನು ಅವನು ಮಹಾರಾಷ್ಟ್ರ ಎಂದು ಕರೆಯುತ್ತಾನೆ. ಅಲ್ಲಿನ ಜನರ ಬಗ್ಗೆ ಅವನು ಬರೆದದ್ದನ್ನು ಓದಿದರೆ ಖುಷಿಯಾಗುತ್ತದೆ. ಉಪಕಾರ ಮಾಡಿದವರನ್ನು ಮರೆಯದವರು, ಅವಮಾನ ಮಾಡಿದರೆ ಬಿಡದವರು, ಸೇಡು ತೀರಿಸುವ ಮೊದಲು ಎದುರಾಳಿಗೆ ಹೇಳಿಕಳಿಸುವವರು, ಕಷ್ಟ ಅಂತ ಬಂದವರಿಗೆ ತಮ್ಮನ್ನು ತಾವು ಮರೆತು ನೆರವಾಗುವವರು. ಯುದ್ಧಕ್ಕೆ ಹೋಗುವ ಮೊದಲು ಆನೆಗಳಿಗೆ ಕುಡಿಸುತ್ತಿದ್ದರಂತೆ. ಸೋತು ಬಂದ ದಂಡನಾಯಕನಿಗೆ ಬೇರೆ ಶಿಕ್ಷೆ ಇಲ್ಲ, ಹೆಂಗಸರ ಬಟ್ಟೆ ಕೊಡುತ್ತಿದ್ದರಂತೆ. ದೊಡ್ಡ ಚಕ್ರವರ್ತಿ ಹರ್ಷನಿಗೂ ಈ ರಾಜ ಬಗ್ಗಲಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದಾನೆ. ಇದೇ ಸುದ್ದಿಯನ್ನು ಅದಕ್ಕೆ ಕೆಲವೇ ವರ್ಷ ಮೊದಲು ರವಿಕೀರ್ತಿ ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ ಕೆತ್ತಿಸಿದ್ದ, ಭಯದಿಂದ ಹರ್ಷನ ಹರ್ಷವೇ ಹೋಯಿತು ಅಂತ. ಆ ಗುಡ್ಡ ಹತ್ತುವ ದಾರಿಯಲ್ಲಿ, ಮೇಗುತಿಗಿಂತ ಸ್ವಲ್ಪ ಕೆಳಗೆ, ಎರಡು ಅಂತಸ್ತಿನ ಒಂದು ಬೌದ್ಧ ಗುಡಿ ಇದೆ. ಹೆಚ್ಚಿನವರು ಅದನ್ನು ನೋಡದೆ ಮೇಲೆ ಹೋಗಿಬಿಡುತ್ತಾರೆ. ಮುಂದಿನ ಸಲ ಹೋದಾಗ ದಯವಿಟ್ಟು ಅಲ್ಲಿ ಹತ್ತು ನಿಮಿಷ ಕೂತು ಬನ್ನಿ.

645ರಲ್ಲಿ ಅವನು ಚಾಂಗ್‌ಆನ್‌ಗೆ ಮರಳಿದಾಗ ಜೊತೆಗೆ 657 ಗ್ರಂಥಗಳಿದ್ದವು. ಉಳಿದ ಬದುಕೆಲ್ಲ ಅನುವಾದ. 664ರಲ್ಲಿ ತೀರಿಕೊಂಡ.

ಅಲ್ಲಿಂದ ಮುಂದೆ ಅವನು ಜನರ ಬಾಯಿಗೆ ಬಿದ್ದ. ಒಬ್ಬನೇ ಅಷ್ಟು ದೂರ ಹೋಗಿ ಬಂದದ್ದು ಹೇಗೆ? ಯಾರೋ ಕಾಯುವವರು ಇದ್ದಿರಬೇಕು. ಕಥೆ ಹೇಳುವವರು, ನಾಟಕದವರು, ಗೋಡೆಯ ಮೇಲೆ ಚಿತ್ರ ಬರೆಯುವವರು ಎಲ್ಲ ಸೇರಿ ಅವನ ಪಕ್ಕಕ್ಕೆ ಒಂದು ಕೋತಿಯನ್ನು ತಂದು ನಿಲ್ಲಿಸಿದರು. ಚೀನಾದ ಯೂಲಿನ್ ಗುಹೆಗಳ ಹಳೆಯ ಭಿತ್ತಿಚಿತ್ರಗಳಲ್ಲಿ ಆಗಲೇ ಸನ್ಯಾಸಿ, ಕೋತಿ, ಕುದುರೆ ಮೂವರೂ ಇದ್ದಾರೆ. ಹೀಗೆ ಶತಮಾನಗಳ ಕಾಲ ಬೆಳೆದ ಕಥೆ 1592ರಲ್ಲಿ ನೂರು ಅಧ್ಯಾಯಗಳ ಕಾದಂಬರಿಯಾಗಿ ನಾನ್‌ಜಿಂಗ್‌ನಲ್ಲಿ ಅಚ್ಚಾಯಿತು. ಹೆಸರು "ಪಶ್ಚಿಮ ಯಾತ್ರೆ". ಬರೆದವನು ವು ಚೆಂಗ್‌ಎನ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ, ಆ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಇಲ್ಲಿ ಪಶ್ಚಿಮ ಅಂದರೆ ಯುರೋಪ್ ಅಲ್ಲ, ನಾವು.

ಕಾದಂಬರಿ ಶುರುವಾಗುವುದು ಸನ್ಯಾಸಿಯಿಂದ ಅಲ್ಲ, ಕೋತಿಯಿಂದ. ಹೂವು ಹಣ್ಣಿನ ಬೆಟ್ಟದ ಮೇಲೆ ಕಲ್ಲು ಒಡೆದು ಹುಟ್ಟಿದ ಕೋತಿ. ಕೋತಿಗಳ ರಾಜನಾಗಿ ಹಾಯಾಗಿರುತ್ತದೆ. ಒಂದು ದಿನ ಔತಣದ ನಡುವೆ ಸುಮ್ನೆ ಕಣ್ಣೀರು ಹಾಕುತ್ತದೆ. ಯಾಕೆ ಅಂದರೆ, ಈಗ ಎಲ್ಲ ಚೆನ್ನಾಗಿದೆ, ಆದರೆ ಒಂದು ದಿನ ಯಮ ಬರುತ್ತಾನಲ್ಲ. ಚೀನೀ ಕಥೆಯಲ್ಲಿ ಯಮ ಯಾಕೆ ಬಂದ ಎಂದು ಕೇಳಬೇಡಿ, ಅವರ ಯಾನ್‌ಲುವೊ ನಮ್ಮ ಯಮರಾಜನೇ, ಬೌದ್ಧ ಗ್ರಂಥಗಳ ಜೊತೆ ಅಲ್ಲಿಗೆ ಹೋಗಿ ನೆಲೆಸಿದವನು. ಸಾವಿಗೆ ಮದ್ದು ಹುಡುಕಿಕೊಂಡು ಕೋತಿ ಊರೂರು ಅಲೆದು ಒಬ್ಬ ಗುರುವಿನ ಹತ್ತಿರ ಹೋಗುತ್ತದೆ. ಗುರುವಿನ ಹೆಸರು ಸುಭೂತಿ.

ಇಲ್ಲಿ ನಾನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ. ಸುಭೂತಿ ಯಾರು? ಬುದ್ಧನ ನೇರ ಶಿಷ್ಯ. ವಜ್ರಚ್ಛೇದಿಕಾ ಸೂತ್ರದಲ್ಲಿ ಬುದ್ಧನ ಎದುರು ಕೂತು ಪ್ರಶ್ನೆ ಕೇಳುವವನು ಅವನೇ. ಶೂನ್ಯವನ್ನು ತಿಳಿದವರಲ್ಲಿ ಮೊದಲಿಗ ಎಂದು ಚೀನೀ ಪರಂಪರೆ ಅವನನ್ನು ಕರೆಯುತ್ತದೆ. ಅಂಥವನ ಹೆಸರಿನ ಗುರುವಿನ ಕೈಯಲ್ಲಿ ಕೋತಿಗೆ "ಶೂನ್ಯವನ್ನು ಅರಿತವನು" ಎಂದು ಹೆಸರಿಡಿಸುತ್ತಾನೆ ಕಾದಂಬರಿಕಾರ. ಮೊದಲ ಅಧ್ಯಾಯ ಮುಗಿಯುವಾಗ ಎರಡು ಸಾಲಿನ ಪದ್ಯ ಬರುತ್ತದೆ. ಅದರ ಸಾರ ಹೀಗಿದೆ: ಜಗತ್ತು ಬಿರಿದ ಹೊತ್ತಿಗೆ ಯಾರಿಗೂ ಹೆಸರಿರಲಿಲ್ಲ, ಮೊಂಡು ಶೂನ್ಯವನ್ನು ಒಡೆಯಬೇಕಾದರೆ ಶೂನ್ಯವನ್ನು ಅರಿಯಬೇಕು. ಮೊಂಡು ಶೂನ್ಯ ಅಂದರೆ "ಏನೂ ಇಲ್ಲ, ಯಾವುದಕ್ಕೂ ಅರ್ಥ ಇಲ್ಲ" ಎನ್ನುವ ಜಡವಾದ ಶೂನ್ಯ. ನಾಗಾರ್ಜುನ ಹಾವಿನ ಹೋಲಿಕೆ ಕೊಟ್ಟು ಎಚ್ಚರಿಸಿದ್ದನ್ನು ಸಾವಿರದ ನಾನೂರು ವರ್ಷದ ಮೇಲೆ ಒಂದು ಕೋತಿ ಕಥೆ ಒಂದೇ ಸಾಲಿನಲ್ಲಿ ಹಿಡಿದುಬಿಟ್ಟಿತು.

ಹೆಸರೇನೋ ಸಿಕ್ಕಿತು, ಅರಿವು ಸಿಗಲಿಲ್ಲ. ಇಡೀ ಕಾದಂಬರಿ ಇರುವುದೇ ಈ ಎರಡರ ನಡುವಿನ ದಾರಿಯಲ್ಲಿ. ವುಕೊಂಗ್ ಎಪ್ಪತ್ತೆರಡು ರೂಪ ತಾಳುವುದನ್ನು ಕಲಿಯುತ್ತಾನೆ, ಒಂದೇ ಲಾಗಕ್ಕೆ 1,08,000 ಲೀ (ಚೀನಾದ ದೂರದ ಅಳತೆ) ಹಾರುತ್ತಾನೆ, ಯಮನ ಕಚೇರಿಗೆ ನುಗ್ಗಿ ಆಯುಸ್ಸಿನ ಲೆಕ್ಕದ ಪುಸ್ತಕದಿಂದ ತನ್ನ ಹೆಸರನ್ನೂ ಉಳಿದ ಕೋತಿಗಳ ಹೆಸರನ್ನೂ ಹೊಡೆದುಹಾಕುತ್ತಾನೆ. ಸ್ವರ್ಗವನ್ನೇ ರಂಪ ಮಾಡುತ್ತಾನೆ. ಕೊನೆಗೆ ಬುದ್ಧ ಬಂದು, ನನ್ನ ಅಂಗೈಯಿಂದಾಚೆ ಹಾರು ನೋಡೋಣ ಎನ್ನುತ್ತಾನೆ. ವುಕೊಂಗ್ ಹಾರಿ ಹಾರಿ ಜಗತ್ತಿನ ಕೊನೆಗೆ ಬಂದೆ ಅಂದುಕೊಳ್ಳುತ್ತಾನೆ. ಅಲ್ಲಿ ಐದು ಕಂಬ. ನಮ್ಮ ಕೋಟೆಗಳ ಗೋಡೆ ಮೇಲೆ ಜನ ಹೆಸರು ಗೀಚಿ ಬರುತ್ತಾರಲ್ಲ, ಹಾಗೇ "ಮಹಾತ್ಮ ಇಲ್ಲಿಗೆ ಬಂದಿದ್ದ" ಎಂದು ಬರೆಯುತ್ತಾನೆ, ಬುಡದಲ್ಲಿ ಉಚ್ಚೆಯನ್ನೂ ಹೊಯ್ಯುತ್ತಾನೆ. ವಾಪಸ್ ಬಂದು ನೋಡಿದರೆ ಅವು ಬುದ್ಧನ ಬೆರಳುಗಳು. ಬರೆದ ಅಕ್ಷರ ಬೆರಳ ಮೇಲಿದೆ. "ನಾನು" ಎಂಬುದನ್ನು ಹೊತ್ತುಕೊಂಡು ಎಷ್ಟು ದೂರ ಹಾರಿದರೂ ಎಲ್ಲಿಗೂ ಹೋದ ಹಾಗಾಗುವುದಿಲ್ಲ ಎನ್ನುವುದನ್ನು ಇದಕ್ಕಿಂತ ಚೆನ್ನಾಗಿ ಯಾವ ಶಾಸ್ತ್ರ ಹೇಳೀತು? ಐನೂರು ವರ್ಷ ಬೆಟ್ಟದ ಕೆಳಗೆ ಸೆರೆ.

ಅಲ್ಲಿಂದ ಬಿಡಿಸುವವನು ಭಾರತಕ್ಕೆ ಹೊರಟ ಸನ್ಯಾಸಿ ಹ್ಯೂಯೆನ್‌ತ್ಸಾಂಗ್, ಇನ್ನು ಮುಂದೆ ಕೋತಿಗೆ ಅವನೇ ಗುರು. ಹೊರಬಂದ ಮೇಲೆ ಕೋತಿ ಮಾಡುವ ದೊಡ್ಡ ಸಾಹಸ ದಾರಿಗಡ್ಡ ಬಂದ ಆರು ಕಳ್ಳರನ್ನು ಕೊಲ್ಲುವುದು. ಕಳ್ಳರ ಹೆಸರು ಕೇಳಿ: ನೋಡಿ ಹಿಗ್ಗುವ ಕಣ್ಣು, ಕೇಳಿ ಸಿಟ್ಟಾಗುವ ಕಿವಿ, ಹೀಗೆ ಮೂಗು, ನಾಲಗೆ, ಮನಸ್ಸು, ಮೈ. ನಾವು ಅರಿಷಡ್ವರ್ಗ ಎನ್ನುತ್ತೇವಲ್ಲ, ಅದಲ್ಲ ಇದು. ಬೌದ್ಧರು ಹೇಳುವ ಆರು ಇಂದ್ರಿಯ, ಮನಸ್ಸೂ ಅವರ ಲೆಕ್ಕದಲ್ಲಿ ಒಂದು ಇಂದ್ರಿಯವೇ. ತತ್ವವನ್ನು ಹೊಡೆದಾಟದ ದೃಶ್ಯ ಮಾಡುವುದು ಅಂದರೆ ಹೀಗೆ. ಗುರು ಮೆಚ್ಚುತ್ತಾನಾ? ಇಲ್ಲ, ಬೈಯುತ್ತಾನೆ. ಇಂದ್ರಿಯಗಳನ್ನು ಬಡಿದು ಸಾಯಿಸುವುದು ಬಿಡುಗಡೆಯಲ್ಲ. ಕೋತಿ ಮುನಿಸಿಕೊಂಡು ಹೊರಟುಹೋಗುತ್ತದೆ. ಆಗ ಗುವಾನ್‌ಯಿನ್ ದೇವತೆ ಒಂದು ಚಿನ್ನದ ಪಟ್ಟಿ ಕೊಟ್ಟು ಕಳಿಸುತ್ತಾಳೆ. ಅದನ್ನು ತಲೆಗೆ ಹಾಕಿಕೊಂಡರೆ ತೆಗೆಯಲಾಗದು, ಗುರು ಮಂತ್ರ ಹೇಳಿದರೆ ಬಿಗಿಯುತ್ತದೆ, ತಲೆ ಸಿಡಿಯುವಷ್ಟು ನೋವು. ಈ ಪಟ್ಟಿಯನ್ನು ನೆನಪಿಟ್ಟುಕೊಳ್ಳಿ.

ಮನಸ್ಸು ಕೋತಿ ಎನ್ನುವುದು ನಮಗೆ ಹೊಸದಲ್ಲ. ಬಸವಣ್ಣ ತನ್ನ ಮನಸ್ಸನ್ನು ಕೊಂಬೆಯ ಮೇಲಿನ ಮರ್ಕಟ ಎನ್ನುತ್ತಾನೆ. ಅದಕ್ಕೂ ಎಷ್ಟೋ ಮೊದಲು, ಪಾಲಿ ಸುತ್ತವೊಂದರಲ್ಲಿ ಬುದ್ಧ, ಒಂದು ಕೊಂಬೆ ಬಿಟ್ಟು ಇನ್ನೊಂದನ್ನು ಹಿಡಿಯುವ ಕಾಡಿನ ಕೋತಿಗೆ ಮನಸ್ಸನ್ನು ಹೋಲಿಸುತ್ತಾನೆ. ಕಾದಂಬರಿಯ ಅಧ್ಯಾಯಗಳ ತಲೆಬರಹಗಳಲ್ಲಿ ವುಕೊಂಗ್‌ನನ್ನು ಮತ್ತೆ ಮತ್ತೆ "ಮನದ ಕೋತಿ" ಎಂದೇ ಕರೆಯುತ್ತಾರೆ.

ಗುವಾನ್‌ಯಿನ್ ಕೂಡ ನಮಗೆ ಪರಿಚಿತಳೇ, ಅವಳು ಮೂಲದಲ್ಲಿ ಅವಲೋಕಿತೇಶ್ವರ, ಬೌದ್ಧರ ಕರುಣೆಯ ಬೋಧಿಸತ್ವ. ಚೀನಾದಲ್ಲಿ ಕಾಲ ಕಳೆದಂತೆ ಹೆಣ್ಣುರೂಪ ಬಂತು. ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಲೋಕೇಶ್ವರನ ದೊಡ್ಡ ಕಂಚಿನ ಮೂರ್ತಿ ನೋಡಿರುತ್ತೀರಿ. ಆಳುಪ ರಾಜ ಕುಂದವರ್ಮ ಅದನ್ನು ಕದಿರಿಕಾ ವಿಹಾರದಲ್ಲಿ ನಿಲ್ಲಿಸಿದ್ದು 968ರಲ್ಲಿ ಎಂದು ಪೀಠದ ಶಾಸನ ಹೇಳುತ್ತದೆ. ಆ ಲೋಕೇಶ್ವರ ಅಂದರೆ ಇದೇ ಅವಲೋಕಿತೇಶ್ವರ. ಕೋತಿಯ ತಲೆಗೆ ಪಟ್ಟಿ ಹಾಕಿಸಿದ ಕರುಣೆ ಕದ್ರಿಯಲ್ಲೂ ನಿಂತಿದೆ.

ಈಗ ಹನುಮಂತನ ಪ್ರಶ್ನೆ. 1920ರ ದಶಕದಲ್ಲಿ ಹು ಷಿ ಎಂಬ ವಿದ್ವಾಂಸ, ಈ ಕೋತಿ ಹನುಮಂತನಿಂದ ಬಂದದ್ದು ಎಂದರು. ದೊಡ್ಡ ಕಥೆಗಾರ ಲು ಷುನ್ ಒಪ್ಪಲಿಲ್ಲ, ಚೀನಾದ ಹಳೆಯ ಕಥೆಗಳಲ್ಲೇ ವುಝಿಚಿ ಎಂಬ ನೀರಿನ ಕೋತಿ ಇದೆ, ಅದೇ ಮೂಲ ಎಂದರು. ದಕ್ಷಿಣ ಚೀನಾದ ಬಂದರು ಕ್ವಾನ್‌ಝೌನಲ್ಲಿ ತಮಿಳು ವರ್ತಕರು ನೆಲೆಸಿದ್ದರು. ಅಲ್ಲಿನ ಕೈಯುವಾನ್ ದೇವಾಲಯದಲ್ಲಿ ನರಸಿಂಹನನ್ನು ಕೆತ್ತಿದ ಕಂಬಗಳೂ ಇವೆ, 1237ರಲ್ಲಿ ಕಟ್ಟಿದ ಗೋಪುರದ ಮೇಲೆ ಕತ್ತಿ ಹಿಡಿದ ಕೋತಿಯೂ ಇದೆ. ಹಾಗಾಗಿ ಹನುಮಂತನ ಕಥೆ ಅಲ್ಲಿಯವರೆಗೆ ಹೋಗುವುದು ಕಷ್ಟವೇನಲ್ಲ. ಆದರೆ ನನಗೆ ಕೇಳಿದರೆ, ಕೋತಿ ಯಾರದು ಎನ್ನುವ ಜಗಳದಲ್ಲಿ ಜಾಸ್ತಿ ಹುರುಳಿಲ್ಲ. ಹನುಮಂತ ಮೊದಲಿಂದಲೂ ಶರಣಾದವನು, ಅವನ ಶಕ್ತಿ ಭಕ್ತಿಯಿಂದ ಬಂದದ್ದು. ವುಕೊಂಗ್ ಬಗ್ಗದವನು, ಬಗ್ಗುವುದನ್ನು ನೂರು ಅಧ್ಯಾಯ ನಡೆದು ಕಲಿಯುವವನು. ಮೈ ಒಂದೇ ಥರ ಇದ್ದರೂ ಒಳಗಿನ ಪ್ರಶ್ನೆ ಬೇರೆ. ಒಳಗಿನ ಆ ಪ್ರಶ್ನೆ ಮಾತ್ರ ಭಾರತದಿಂದ ಹೋದದ್ದು, ಅದರಲ್ಲಿ ಅನುಮಾನವಿಲ್ಲ.

ಸಿನಿಮಾದವರು ಈ ಕೋತಿಯನ್ನು ಬಿಟ್ಟಿಲ್ಲ. 1941ರಲ್ಲಿ ಶಾಂಘೈನ ವಾನ್ ಸಹೋದರರು ಈ ಕಾದಂಬರಿಯ ಒಂದು ಪ್ರಸಂಗ ಹಿಡಿದು ಚೀನಾದ ಮೊದಲ ಪೂರ್ಣ ಉದ್ದದ ಆನಿಮೇಷನ್ ಚಿತ್ರ ಮಾಡಿದರು, "ಪ್ರಿನ್ಸೆಸ್ ಐರನ್ ಫ್ಯಾನ್". ಯುದ್ಧದ ನಡುವೆ ಅದು ಜಪಾನಿಗೂ ಹೋಯಿತು. ಅಲ್ಲಿ ಅದನ್ನು ನೋಡಿ ಬೆರಗಾದ ಹುಡುಗರಲ್ಲಿ ಒಬ್ಬ ಒಸಾಮು ತೆಜುಕಾ, ಮುಂದೆ ಜಪಾನಿನ ಕಾಮಿಕ್ಸ್ ಲೋಕದ ಹಿರಿಯಣ್ಣನಾದವರು. ಅವರು ವುಕೊಂಗ್ ಮೇಲೆ ಕಾಮಿಕ್ಸ್ ಬರೆದರು, 1972ರಿಂದ ಬುದ್ಧನ ಜೀವನವನ್ನೇ ವರ್ಷಗಟ್ಟಲೆ ಚಿತ್ರಿಸಿದರು. ತೊರಿಯಾಮ ಗೋಕುವನ್ನು ಬರೆದದ್ದು ಆ ನೆಲದ ಮೇಲೆ.

ವಾನ್ ಲೈಮಿಂಗ್ 60ರ ದಶಕದಲ್ಲಿ ಮಾಡಿದ "ಹ್ಯಾವಕ್ ಇನ್ ಹೆವನ್" ನೋಡಲು ಅದ್ಭುತ. ಬಣ್ಣ, ಪೆಕಿಂಗ್ ಒಪೆರಾದ ತಾಳ, ಕೋತಿಯ ನಡೆ ಎಲ್ಲ ಕಣ್ಣಿಗೆ ಹಬ್ಬ. ಆದರೆ ಅದರಲ್ಲಿ ಬುದ್ಧನ ಅಂಗೈ ಇಲ್ಲ. ಸ್ವರ್ಗವನ್ನು ಸೋಲಿಸಿ ಕೋತಿ ಗೆದ್ದು ಊರಿಗೆ ಮರಳುವಲ್ಲಿಗೆ ಚಿತ್ರ ಮುಗಿಯುತ್ತದೆ. ಅಧಿಕಾರವನ್ನು ಎದುರಿಸುವ ಕಥೆ ಉಳಿಯಿತು, ಶೂನ್ಯ ಬಿಟ್ಟುಹೋಯಿತು. ಡ್ರ್ಯಾಗನ್ ಬಾಲ್‌ನಲ್ಲೂ ಹಾಗೇ ಆಯಿತು ಎಂದು ನನಗೆ ಅನಿಸುತ್ತದೆ, ಬಲ ಏರುತ್ತಾ ಹೋಗುತ್ತದೆ, ಹೆಸರು ಮಾತ್ರ ಹಳೆಯದನ್ನು ನೆನಪಿಸುತ್ತದೆ.

ಶೂನ್ಯವನ್ನು ಮತ್ತೆ ಹಿಡಿದದ್ದು, ಯಾರೂ ನಿರೀಕ್ಷಿಸದ ಕಡೆ, ಹಾಂಗ್‌ಕಾಂಗ್‌ನ ಒಂದು ಹಾಸ್ಯ ಚಿತ್ರ. 1995ರಲ್ಲಿ ಜೆಫ್ರಿ ಲಾವ್ ನಿರ್ದೇಶಿಸಿದ "ಎ ಚೈನೀಸ್ ಒಡಿಸ್ಸಿ", ಎರಡು ಭಾಗ, ಸ್ಟೀಫನ್ ಚೌ ನಾಯಕ. ತಾನು ಹಿಂದಿನ ಜನ್ಮದಲ್ಲಿ ವುಕೊಂಗ್ ಆಗಿದ್ದೆ ಎಂದು ಗೊತ್ತಿಲ್ಲದ ಒಬ್ಬ ಕಳ್ಳ. ಪ್ರೀತಿಸಿದವಳನ್ನು ಉಳಿಸಬೇಕಾದರೆ ವುಕೊಂಗ್‌ನ ಶಕ್ತಿ ಬೇಕು. ಶಕ್ತಿ ಬೇಕಾದರೆ ಚಿನ್ನದ ಪಟ್ಟಿ ಹಾಕಿಕೊಳ್ಳಬೇಕು. ಹಾಕಿಕೊಂಡರೆ ಪ್ರೀತಿಸುವ ಹಾಗಿಲ್ಲ, ಮನಸ್ಸು ಅತ್ತ ಹೋದ ಕೂಡಲೇ ಪಟ್ಟಿ ಬಿಗಿಯುತ್ತದೆ. ಅಂಟಿಕೊಂಡರೆ ನೋವು ಎನ್ನುವ ಬೌದ್ಧರ ಮಾತನ್ನು ತಲೆಯ ಸುತ್ತ ಬಿಗಿಯುವ ಲೋಹವಾಗಿ ತೋರಿಸುತ್ತಾರೆ. ನಗಿಸುತ್ತಾ ನಗಿಸುತ್ತಾ ಕೊನೆಗೆ ಗಂಟಲು ಕಟ್ಟುತ್ತದೆ. ಸಿಕ್ಕರೆ ಎರಡೂ ಭಾಗ ಒಟ್ಟಿಗೆ ನೋಡಿ.

ಹ್ಯೂಯೆನ್‌ತ್ಸಾಂಗ್ ಬಗ್ಗೆ 2016ರಲ್ಲಿ ಭಾರತ ಮತ್ತು ಚೀನಾ ಸೇರಿ ಒಂದು ಸಿನಿಮಾ ಮಾಡಿದವು. ಅದರಲ್ಲಿ ಹರ್ಷನಾಗಿ ನಟಿಸಿದವರು ಸೋನು ಸೂದ್. ಕನ್ನಡದ "ಕುರುಕ್ಷೇತ್ರ"ದಲ್ಲಿ ಅರ್ಜುನ ಆದವರು.

ಇನ್ನೊಂದು ಮಾತು ನಮ್ಮ ಹುಡುಗನಿಗಾಗಿಯೇ ಹೇಳಿದೆ, ಅವನು ಶನಿವಾರ ಭಾನುವಾರ ಕರಾಟೆ ಕ್ಲಾಸಿಗೆ ಹೋಗುತ್ತಾನೆ. ಕರಾಟೆಯ "ಕರಾ" ಮತ್ತು ಗೋಕುವಿನ "ಕೂ" ಬರೆಯುವ ಅಕ್ಷರ ಒಂದೇ. ಮೊದಲು ಕರಾಟೆಯನ್ನು "ತಾಂಗ್ ದೇಶದ ಕೈ" ಎಂಬ ಅರ್ಥ ಬರುವ ಹಾಗೆ ಬರೆಯುತ್ತಿದ್ದರು, ತಾಂಗ್ ಅಂದರೆ ಹ್ಯೂಯೆನ್‌ತ್ಸಾಂಗ್ ಇದ್ದ ಕಾಲದ ರಾಜವಂಶ. 1930ರ ದಶಕದಲ್ಲಿ ಫುನಾಕೋಶಿ ಗಿಚಿನ್ ಮೊದಲಾದವರು ಆ ಅಕ್ಷರ ಬದಲಿಸಿ "ಶೂನ್ಯ ಕೈ" ಮಾಡಿದರು. ಕೈಯಲ್ಲಿ ಆಯುಧ ಇಲ್ಲ ಎನ್ನುವುದು ಒಂದು ಅರ್ಥ. ಅದರ ಜೊತೆಗೆ ಹೃದಯ ಸೂತ್ರದ "ರೂಪವೇ ಶೂನ್ಯತೆ" ಎನ್ನುವ ಮಾತನ್ನೂ ಫುನಾಕೋಶಿ ನೆನಪಿಸಿದರು. ಹುಡುಗ ತನ್ನ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡ.

ಆಮೇಲೆ ಕೇಳಿದ, "ಕೊನೆಗೆ ಅವರಿಗೆ ಪುಸ್ತಕ ಸಿಕ್ತಾ?"

ಸಿಕ್ಕಿತು, ಆದರೆ ಸುಲಭಕ್ಕಲ್ಲ. ಬುದ್ಧನ ಸನ್ನಿಧಿಗೆ ಬಂದಾಗ ಅವನ ಶಿಷ್ಯರಾದ ಆನಂದ ಮತ್ತು ಕಾಶ್ಯಪ ಕಾಣಿಕೆ ಕೇಳುತ್ತಾರೆ. ಇವರ ಹತ್ತಿರ ಏನೂ ಇಲ್ಲ. ಪುಸ್ತಕ ಹೊತ್ತು ಹೊರಟು ದಾರಿಯಲ್ಲಿ ಬಿಚ್ಚಿ ನೋಡಿದರೆ ಎಲ್ಲ ಖಾಲಿ ಹಾಳೆ. ಒಂದು ಅಕ್ಷರ ಇಲ್ಲ. ಸನ್ಯಾಸಿ ನಿಟ್ಟುಸಿರಿಡುತ್ತಾನೆ. ವಾಪಸ್ ಹೋಗಿ ದೂರು ಕೊಟ್ಟರೆ ಬುದ್ಧ ಹೇಳುತ್ತಾನೆ: ಅಕ್ಷರ ಇಲ್ಲದ ಅವೇ ನಿಜವಾದ ಗ್ರಂಥಗಳು, ಆದರೆ ನಿಮ್ಮ ಕಡೆಯ ಜನಕ್ಕೆ ಅರ್ಥವಾಗುವುದಿಲ್ಲ, ಅಕ್ಷರ ಇರುವುದನ್ನೇ ಒಯ್ಯಿರಿ. ಸನ್ಯಾಸಿ ತನ್ನ ಭಿಕ್ಷಾಪಾತ್ರೆಯನ್ನೇ ಕಾಣಿಕೆ ಕೊಟ್ಟು ಅಕ್ಷರದ ಗ್ರಂಥ ಪಡೆಯುತ್ತಾನೆ. ಇದಕ್ಕೆ ಸ್ವಲ್ಪ ಮೊದಲು, ಹೃದಯ ಸೂತ್ರ ನಿನಗೆ ಅರ್ಥವಾಗಿದೆಯಾ ಎಂಬ ಮಾತು ಬಂದಾಗ ವುಕೊಂಗ್ ಉತ್ತರ ಕೊಡದೆ ಸುಮ್ಮನಿರುತ್ತಾನೆ. ಜೊತೆಯವರು ನಗುತ್ತಾರೆ. ಗುರು ಮಾತ್ರ, ಅವನು ಅಕ್ಷರವಿಲ್ಲದೆ ತಿಳಿದಿದ್ದಾನೆ, ಅದೇ ಸರಿಯಾದ ತಿಳಿವು ಎನ್ನುತ್ತಾನೆ.

ನೂರನೇ ಅಧ್ಯಾಯದಲ್ಲಿ ಎಲ್ಲರಿಗೂ ಪದವಿ ಸಿಗುತ್ತದೆ. ಕೋತಿಯೂ ಬುದ್ಧನಾಗುತ್ತಾನೆ. ಆಗ ವುಕೊಂಗ್ ಗುರುವಿನ ಹತ್ತಿರ ಬಂದು, "ನಾನೂ ಈಗ ನಿಮ್ಮ ಹಾಗೇ ಬುದ್ಧನಾದೆನಲ್ಲ, ಇನ್ನೂ ಈ ಪಟ್ಟಿ ಯಾಕೆ? ಸಡಿಲಿಸುವ ಮಂತ್ರ ಹೇಳಿ, ತೆಗೆದು ಪುಡಿ ಮಾಡಿಬಿಡುತ್ತೇನೆ" ಎನ್ನುತ್ತಾನೆ. ಗುರು ಮಂತ್ರ ಹೇಳುವುದಿಲ್ಲ. "ನೀನು ಹತೋಟಿಗೆ ಸಿಗುತ್ತಿರಲಿಲ್ಲ, ಅದಕ್ಕೆ ಅದು ಬೇಕಾಗಿತ್ತು. ಈಗ ಎಲ್ಲಿದೆ? ತಲೆ ಮುಟ್ಟಿ ನೋಡಿಕೋ."

ವುಕೊಂಗ್ ಕೈಯೆತ್ತಿ ಮುಟ್ಟಿ ನೋಡುತ್ತಾನೆ. ಪಟ್ಟಿ ಇರಲಿಲ್ಲ.